ಆಲ್ಬಿನಾ ಅವರ ಹಂದಿಯ ಲಿವರ್ ಮೇಲೆ ಹಸಿರು ಸುರಿದವರಿಗೆ

ಮಾನ್ಯ ಮಾಂಸ ತಪಾಸಣಾಧಿಕಾರಿ ಎಮಿಲ್ ಸ್ಟಾನೆಕ್ ಅವರೇ,

ನೆಬ್ರಾಸ್ಕದ ಈ ಪುಟ್ಟ ಊರಿನ ಹೊಟ್ಟೆಗಳನ್ನೆಲ್ಲ ನಿಷ್ಠೆಯಿಂದ ಕಾಯುತ್ತಿರುವ ತಮಗೆ, ಆ ಹೊಟ್ಟೆಗಳಲ್ಲೊಂದರ ಒಡತಿಯ ಸವಿನಯ ನಮಸ್ಕಾರಗಳು. ತಮ್ಮ ಬಿಳಿ ಕೋಟು, ಚಾಕು ಮತ್ತು ಹಸಿರು ಬಣ್ಣದ ಸೀಸೆ ಕ್ಷೇಮವಾಗಿವೆಯೆಂದು ನಂಬಿದ್ದೇನೆ. ನಮ್ಮ ಮನೆಯಲ್ಲಿ ಮಾತ್ರ ಕ್ಷೇಮವಿಲ್ಲ. ಅಡುಗೆಮನೆಯಲ್ಲಿ ತಮ್ಮ ಹೆಸರೆತ್ತುವಂತಿಲ್ಲವಾದ್ದರಿಂದ ಊರಿನ ವಾರಪತ್ರಿಕೆಯ ಮೊರೆಹೊಕ್ಕಿದ್ದೇನೆ.

ಈ ಶರತ್ಕಾಲದಲ್ಲಿ ನನ್ನ ಅತ್ತೆ ಆಲ್ಬಿನಾ ತಾವೇ ಸಾಕಿದ ಹಂದಿಯನ್ನು ಕಸಾಯಿಖಾನೆಗೆ ಒಪ್ಪಿಸಿ, ಅದರ ಲಿವರ್ ಒಯ್ಯಲು ಬಿಳಿ ಬೋಗುಣಿ ಹಿಡಿದು ಬಾಗಿಲಲ್ಲಿ ನಿಂತದ್ದು ತಮಗೆ ನೆನಪಿರಬಹುದು. ಚರ್ಚಿನ ಸಂತರ್ಪಣೆಗೆ ಅವರು ಮಾಡುವ ಯಿಟರ್ನಿಟ್ಸೆಗೆ, ಅಂದರೆ ಲಿವರ್ ತುಂಬಿದ ಸಾಸೇಜಿಗೆ, ಅನ್ಯರ ಹಂದಿ ಎಂದೂ ಬಳಕೆಯಾದದ್ದಿಲ್ಲ. ಪ್ರತಿವರ್ಷ ಅದರ ಮೊದಲ ತಟ್ಟೆ ತಮಗೆ ಸಲ್ಲುತ್ತದೆ. ತಾವು ವಿಧುರರಾಗಿ, ಅತ್ತೆಯೂ ಒಂಟಿಯಾದ ಮೇಲೆ ಎರಡನೆಯ ತಟ್ಟೆಯೂ ತಮಗೇ ಸಲ್ಲುತ್ತಿರುವುದನ್ನು ಊರು ಕಂಡೂ ಕಾಣದಂತಿದೆ. ಇಷ್ಟಾದರೂ ತಾವು ಆ ಲಿವರನ್ನು ತಿರುವಿ ನೋಡಿ, ಜಂತುಹುಳು ಬಿಟ್ಟುಹೋದ ಬಿಳಿ ಕಲೆಗಳನ್ನು ಕಂಡು, ತಲೆಯಾಡಿಸಿದಿರಿ.

"ಕಲೆ ಇರೋ ಕಡೆ ಕತ್ತರಿಸಿ ಬಿಸಾಕು ಎಮಿಲ್, ಉಳಿದದ್ದು ಕೊಡು" ಎಂದರು ಅತ್ತೆ.

"ಉಳಿದದ್ದು ಎಲ್ಲಿದೆ ಆಲ್ಬಿನಾ, ಪೂರ್ತಿ ಕಲೇನೇ. ಜಂತಿನ ಔಷಧಿ ಹಾಕಿದ್ಯಾ?"

"ನನ್ನ ಹಂದಿಗೆ ಜಂತಾ? ಮೊದ್ಲು ನಿನ್ನ ಕಣ್ಣಿಗೆ ಹಾಕಿಸ್ಕೋ ಔಷಧಿ!"

ಮಾತು ಮುಗಿಯುವಷ್ಟರಲ್ಲಿ ಸೀಸೆ ಬಗ್ಗಿತ್ತು. ತಿನ್ನಲು ಯೋಗ್ಯವಲ್ಲವೆಂದು ತಳ್ಳಿದ ಮಾಂಸವನ್ನು ತೊಳೆದು ಒಲೆಗೇರಿಸುವ ಆಸೆ ಯಾರಿಗೂ ಹುಟ್ಟಬಾರದೆಂದೇ ಸುರಿಯುವ ಆ ಹಸಿರು, ಲಿವರನ್ನೆಲ್ಲ ಆವರಿಸಿ, ಒಂದು ಹನಿ ಅತ್ತೆಯ ಏಪ್ರನ್ನಿಗೂ ಸಿಡಿಯಿತು. ಅದು ಯಾವ ಸೋಪಿಗೂ ಬಗ್ಗಿಲ್ಲ.

ತಮ್ಮ ಈ ನಿಷ್ಠುರತೆಯನ್ನು ಮೆಚ್ಚಲೇಬೇಕು. ಮೆಚ್ಚಿದವರ ಬೋಗುಣಿಯೆದುರು ಅಷ್ಟು ನೇರವಾಗಿ ಬೇಡವೆನ್ನುವ ಧೈರ್ಯ ನನಗಂತೂ ಇಲ್ಲ. ಆದ್ದರಿಂದ ನನ್ನ ಬಿನ್ನಹವೇನೆಂದರೆ, ಇಂಥ ಸೀಸೆಯನ್ನು ಕಸಾಯಿಖಾನೆಯೊಳಗೇ ಇಟ್ಟುಕೊಳ್ಳುವುದು ಅನ್ಯಾಯ. ದಯವಿಟ್ಟು ಚುನಾವಣೆಯ ಕರಪತ್ರಗಳ ಮೇಲೆ ಒಂದಿಷ್ಟು ಸುರಿಯಿರಿ; ಒಮಾಹಾದಿಂದ ನನ್ನ ನಾದಿನಿ ಫೋನಿನಲ್ಲಿ ದಯಪಾಲಿಸುವ ಸಲಹೆಗಳ ಮೇಲೂ ಸುರಿಯಿರಿ; ನಾನು ಕಾಲೇಜಿನಲ್ಲಿ ಬರೆದ ಪ್ರೇಮಕವಿತೆಗಳು ಅಟ್ಟದ ಮೇಲಿವೆ, ಅವಕ್ಕೆ ಧಾರಾಳವಾಗಿಯೇ ಸುರಿಯಿರಿ, ಏಕೆಂದರೆ ಅವುಗಳಲ್ಲೂ ಕತ್ತರಿಸಿ ಉಳಿಸಿಕೊಳ್ಳುವಂಥದ್ದು ಏನೂ ಇಲ್ಲ.

ಸಂತರ್ಪಣೆಯ ದಿನ ಅತ್ತೆ ವಿಧಿಯಿಲ್ಲದೆ ಅಂಗಡಿಯ ಲಿವರ್ ಬಳಸಿದರು. ಊರೆಲ್ಲ ಚಪ್ಪರಿಸಿ ತಿಂದಿತು. ಪಾದ್ರಿಗಳಂತೂ "ಈ ಸಲ ಇನ್ನೂ ರುಚಿಯಾಗಿದೆ ಆಲ್ಬಿನಾ!" ಎಂದು ಆಶೀರ್ವದಿಸಿ, ಅವರಿಗೇ ತಿಳಿಯದಂತೆ ಅತ್ತೆಯ ಶಾಶ್ವತ ವೈರವನ್ನು ಕಟ್ಟಿಕೊಂಡರು. ತಾವೊಬ್ಬರು ಮಾತ್ರ ಒಂದು ತುಂಡು ಬಾಯಿಗಿಟ್ಟು, ಫೋರ್ಕ್ ಕೆಳಗಿಳಿಸಿ, "ಇದು ನಿನ್ನ ಹಂದೀದಲ್ಲ" ಎಂದಿರಿ.

ಅತ್ತೆ ಮನೆಗೆ ಬಂದು ಏಪ್ರನ್ ಕಳಚುತ್ತ, "ಕಲ್ಲುಮನಸ್ಸಿನವನು. ಆದ್ರೂ ನಾಲಿಗೆ ಅಂದ್ರೆ ಅವನ್ದು" ಎಂದರು. ಅಂದಿನಿಂದ ಆ ಹಸಿರು ಹನಿಯನ್ನು ಉಜ್ಜುವುದನ್ನು ಬಿಟ್ಟಿದ್ದಾರೆ. ನಾನು ತಂದುಕೊಟ್ಟ ಹೊಸ ಏಪ್ರನ್ ಮಡಿಕೆ ಬಿಚ್ಚದೆ ಬಿದ್ದಿದೆ.

ಈ ಎಲ್ಲ ಹಾನಿಗೆ ತಾವು ಖುದ್ದಾಗಿ ಬಂದು ಸಮಜಾಯಿಷಿ ಕೊಡತಕ್ಕದ್ದು. ಭಾನುವಾರ ಮಧ್ಯಾಹ್ನ ಅತ್ತೆ ಕೊಲಾಚಿ ಸಿಹಿರೊಟ್ಟಿ ಬೇಯಿಸುತ್ತಾರೆ. ಸೀಸೆಯನ್ನು ಗಾಡಿಯಲ್ಲೇ ಬಿಟ್ಟುಬರಬೇಕಾಗಿ ಪ್ರಾರ್ಥನೆ.

ತಮ್ಮ ವಿಶ್ವಾಸಿ,
ಡೊರೀನ್

ತಾ.ಕ.: ಅತ್ತೆ ಹೊಸ ಹಂದಿಮರಿ ತಂದಿದ್ದಾರೆ. ಯಾರೂ ಹೇಳದೆಯೇ ಜಂತಿನ ಔಷಧಿ ಹಾಕಿಸಿದ್ದಾರೆ. ಅದಕ್ಕೆ ಎಮಿಲ್ ಎಂದು ಹೆಸರಿಟ್ಟಿರುವುದರಿಂದ, ಅಡುಗೆಮನೆಯಲ್ಲಿ ಎತ್ತಬಾರದ ಹೆಸರನ್ನು ಹಿತ್ತಲಲ್ಲಿ ಎರಡು ಹೊತ್ತೂ ಕೂಗಿ ಕರೆದು, ಬೈದು, ಹೊಟ್ಟೆ ತುಂಬ ಉಣ್ಣಿಸುತ್ತಿದ್ದಾರೆ. ಮುಂದಿನ ಶರತ್ಕಾಲದೊಳಗೆ ತಾವು ಬಾರದಿದ್ದರೆ, ಇಬ್ಬರಲ್ಲಿ ಯಾವ ಎಮಿಲ್ ಸಾಸೇಜಾಗಬೇಕೆಂಬುದನ್ನು ಅವರೇ ತೀರ್ಮಾನಿಸುತ್ತಾರೆ.