ಹೆಂಡತಿಯನ್ನು ಇಳಿಸಿದರೆ ಹೊರಡುವ ಬೈಕು

ಬೈಕಿನ ರೋಗ ಪತ್ತೆ ಹಚ್ಚಲು ಮೆಕ್ಯಾನಿಕ್ಕೇ ಬೇಕೆಂಬುದು ಒಂದು ಮೂಢನಂಬಿಕೆ ಎಂದು ನಾನು ಬಹಳ ಕಾಲ ತಿಳಿದಿದ್ದೆ. ಪದವಿ ಪಡೆದ ತಲೆ, ಒಂದು ಸ್ಕ್ರೂಡ್ರೈವರ್, ಮತ್ತು ಎದುರಿಗೆ ಬಂದವರ ಮೇಲೆಲ್ಲ ಸ್ವಲ್ಪ ಅನುಮಾನ, ಇಷ್ಟಿದ್ದರೆ ಸಾಕು. ನಾನು ಬಿ.ಕಾಂ. ಓದಿದವನು. ಅನುಮಾನವಂತೂ ನಮಗೆ ಪಠ್ಯಕ್ರಮದಲ್ಲೇ ಇತ್ತು!

ಕೊಟ್ಟೂರಿನಲ್ಲಿ ನಮ್ಮದು ಕಿರಾಣಿ ಅಂಗಡಿ. ತೊಂಬತ್ತರ ದಶಕದ ಕೊನೆಯಲ್ಲಿ ಹಗರಿಬೊಮ್ಮನಹಳ್ಳಿಯ ಪರಿಚಯದವರೊಬ್ಬರಿಂದ ಹಳೆಯ ಬೈಕೊಂದನ್ನು ಕೊಂಡೆ. “ಒಂದ ಕಿಕ್ಕಿಗೆ ಎದ್ದು ಕುಂದರತೈತ್ರಿ” ಎಂದಿದ್ದರು. ನಿಜವಾಗಿಯೂ ಒಂದೇ ಕಿಕ್ಕಿಗೆ ಎದ್ದು ಕುಳಿತಿತು. ಅಲ್ಲಿಂದಲೇ ನನಗೆ ಅನುಮಾನ ಶುರು. ಇಷ್ಟು ಒಳ್ಳೆಯ ಗಾಡಿಯನ್ನು ಯಾರಾದರೂ ಸುಮ್ಮನೆ ಮಾರುತ್ತಾರೆಯೆ?

ಆಯುಧಪೂಜೆ ಮುಗಿದ ವಾರದಲ್ಲೇ ಗಾಡಿ ತನ್ನ ನಿಜರೂಪ ತೋರಿಸಿತು. ಮನೆಯಿಂದ ಚೆನ್ನಾಗಿಯೇ ಹೊರಡುವುದು, ಸ್ವಲ್ಪ ದೂರ ಹೋದ ಮೇಲೆ ಕೆಮ್ಮುವುದು, ಮುಗ್ಗರಿಸುವುದು, ನಿಂತುಬಿಡುವುದು. ನಾನು ಇಳಿದು ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ಎಷ್ಟಿದೆ ಎಂದು ಇಣುಕುತ್ತಿದ್ದೆ. ಮುಚ್ಚಳ ಹಾಕಿ ಕಿಕ್ ಹೊಡೆದರೆ ಗಾಡಿ ಏನೂ ಆಗಿಯೇ ಇಲ್ಲವೆಂಬಂತೆ ಹೊರಡುತ್ತಿತ್ತು.

ನಾನು ತರ್ಕಬದ್ಧವಾಗಿ ಯೋಚಿಸಿದೆ. ಪೆಟ್ರೋಲ್ ಕಳುವಾದರೆ ಗಾಡಿ ನಿಲ್ಲುತ್ತದೆ. ಗಾಡಿ ನಿಂತಿದೆ. ಆದ್ದರಿಂದ ಪೆಟ್ರೋಲ್ ಕಳುವಾಗಿದೆ! ಟ್ಯಾಂಕು ಅರ್ಧ ತುಂಬಿತ್ತಲ್ಲ ಎಂದು ನೀವು ಕೇಳಬಹುದು. ಜಾಣ ಕಳ್ಳ ಯಾವಾಗಲೂ ಸ್ವಲ್ಪ ಸ್ವಲ್ಪವೇ ಕದಿಯುತ್ತಾನೆ.

ಅಂದಿನಿಂದ ದಿನಾ ಬೆಳಿಗ್ಗೆ ಕಸಬರಿಗೆ ಕಡ್ಡಿಯೊಂದನ್ನು ಟ್ಯಾಂಕಿನೊಳಗೆ ಇಳಿಬಿಟ್ಟು ಪೆಟ್ರೋಲ್ ಅಳೆಯತೊಡಗಿದೆ. ಅಳೆದ ಮೇಲೆ ಅಂಗಡಿಯವರೆಗೆ ಗಾಡಿ ತಕರಾರಿಲ್ಲದೆ ಓಡುತ್ತಿತ್ತು. ನನ್ನ ಎಚ್ಚರಿಕೆ ಕಂಡು ಕಳ್ಳ ಹೆದರಿದ್ದಾನೆ ಎಂದು ಹೆಮ್ಮೆಪಟ್ಟೆ.

ಇನ್ನು ಕಳ್ಳನ ಹೆಸರೊಂದು ಗೊತ್ತಾಗಬೇಕಿತ್ತು. ಒಂದು ಬೆಳಿಗ್ಗೆ ಬಾಗಿಲು ತೆರೆದರೆ, ಪಕ್ಕದ ಮನೆಯ ಟೇಲರ್ ಕೊಟ್ರಪ್ಪ ನನ್ನ ಗಾಡಿಯ ಮೇಲೆ ಬಗ್ಗಿ ನಿಂತಿದ್ದ.

“ಏನ್ ನೋಡಾಕತ್ತಿ ಕೊಟ್ರಪ್ಪ?”

“ಏನಿಲ್ರಿ ಸಾವ್ಕಾರ್ರ. ಈ ಟ್ಯಾಂಕಿನ ಮುಚ್ಚಳ ನೋಡಾಕತ್ತಿದ್ನಿ. ಹಬ್ಬದಾಗ ವಿಭೂತಿ ಭಾಳ ಮೆತ್ತೀರಿ.”

“ನನ್ನ ಗಾಡಿ ಮುಚ್ಚಳ ನೀ ಯಾಕ ನೋಡ್ತಿ?”

“ಅಯ್ಯ! ಕಣ್ಣಿದ್ದಮ್ಯಾಲೆ ಕಾಣತೈತಲ್ರಿ!”

ಇಷ್ಟು ದೊಡ್ಡ ಊರಿನಲ್ಲಿ ನೋಡಲು ಅವನಿಗೆ ಬೇರೇನೂ ಸಿಗಲಿಲ್ಲವೆ? ಅದೂ ಮುಚ್ಚಳವನ್ನೇ ಏಕೆ ನೋಡಬೇಕು? ಒಳಗೆ ಬಂದು ಹೆಂಡತಿ ಅನ್ನಪೂರ್ಣಳಿಗೆ ಪಿಸುಮಾತಿನಲ್ಲಿ ವರದಿ ಒಪ್ಪಿಸಿದೆ.

“ಅಲ್ರೀ, ಅವನ ಮೊಪೆಡ್ಡು ಹೋದ ಮಳಿಗಾಲದಿಂದ ಗಾಲಿ ಇಲ್ದ ನಿಂತೈತಿ. ನಿಮ್ಮ ಪೆಟ್ರೋಲ್ ತಗಂಡು ಏನು ಅಂಗಿ ಒಗಿತಾನೇನು?” ಎಂದಳು.

“ಮಾರತಿರಬೇಕು!”

ಅವಳು ಮತ್ತೆ ಪುಸ್ತಕ ತೆರೆದು ಕುಳಿತಳು. ಅವಳಿಗೆ ನನ್ನ ಕಳ್ಳನಿಗಿಂತ ದೊಡ್ಡ ಚಿಂತೆಯಿತ್ತು. ಅನ್ನಪೂರ್ಣ ಬಿ.ಎಸ್ಸಿ., ಬಿ.ಎಡ್. ಮದುವೆಯಾದ ಮೇಲೆ ಆ ಎರಡೂ ಪದವಿಗಳು ಟ್ರಂಕಿನ ತಳ ಸೇರಿದ್ದವು. ಈಗ ಹರಪನಹಳ್ಳಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಶಿಕ್ಷಕಿಯ ಕೆಲಸ ಖಾಲಿಯಾಗಿ, ಸಂದರ್ಶನಕ್ಕೆ ಕರೆ ಬಂದಿತ್ತು. ಮುಂದಿನ ವರ್ಷ ಅವಳ ವಯಸ್ಸು ಮಿತಿ ದಾಟುತ್ತದೆ. ಇದು ತಪ್ಪಿದರೆ ಪದವಿಗಳಿಗೆ ಟ್ರಂಕೇ ಗತಿ.

“ಬೆಳಿಗ್ಗೆ ಬಸ್ಸಿಗೆ ಹೋಗಿಬಿಡ್ತೀನ್ರಿ” ಎಂದಳು, ಸಂದರ್ಶನದ ಹಿಂದಿನ ರಾತ್ರಿ.

“ಮನ್ಯಾಗ ಗಾಡಿ ಇಟಗಂಡು ಬಸ್ಸಾ? ಆ ಗದ್ದಲದಾಗ ಸೀರಿ ಮುದ್ದಿ ಆಗತೈತಿ. ಇಸ್ತ್ರಿ ಮುರೀದಂಗ ಮುಟ್ಟಸ್ತೀನಿ, ಬಾ.”

ನನ್ನ ಮಾತನ್ನು ಅವಳು ನಂಬಿದಳು. ಈ ಪ್ರಯಾಣದ ತಪ್ಪುಗಳಲ್ಲಿ ಅವಳ ಪಾಲಿನದು ಇದೊಂದೇ.

ಸಂದರ್ಶನ ಹನ್ನೊಂದಕ್ಕೆ. ಬೇಕಾದಷ್ಟು ಮುಂಚೆ ಹೊರಟೆವು. ಊರು ದಾಟಿ ಹೊಲಗಳ ನಡುವಿನ ರಸ್ತೆ ಹಿಡಿದು ಇನ್ನೇನು ಹಾಡು ಗುನುಗಬೇಕು, ಗಾಡಿ ಕೆಮ್ಮಿತು. ನಿಂತಿತು.

“ಇಳಿ” ಎಂದೆ. ಇಳಿದಳು. ಮುಚ್ಚಳ ತೆಗೆದೆ, ಇಣುಕಿದೆ, ಮುಚ್ಚಿದೆ, ಒದ್ದೆ. ಗಾಡಿ ಎದ್ದಿತು! ಅವಳು ಹತ್ತಿದಳು. ಮತ್ತಷ್ಟು ದೂರ ಹೋಗಿ ಮತ್ತೆ ನಿಂತಿತು. ಇಳಿಸಿದೆ, ಇಣುಕಿದೆ, ಒದ್ದೆ. ಎದ್ದಿತು.

ನನ್ನ ತಲೆಯಲ್ಲಿ ಬೆಳಕು ಮೂಡಿತು. ಇಷ್ಟು ದಿನ ಕೊಟ್ರಪ್ಪನ ಮೇಲೆ ಸುಮ್ಮನೆ ಅನುಮಾನಪಟ್ಟಿದ್ದೆನೇ ಹೊರತು, ಅಪರಾಧಿ ನನ್ನ ಬೆನ್ನ ಹಿಂದೆಯೇ ಕುಳಿತಿದ್ದಳು! ಅವಳು ಕುಳಿತಾಗ ನಿಲ್ಲುತ್ತದೆ, ಇಳಿದಾಗ ಹೊರಡುತ್ತದೆ.

“ಅನ್ನಪೂರ್ಣ, ಬ್ಯಾಸರ ಮಾಡ್ಕಬ್ಯಾಡ. ಇದು ತೂಕದ ಪ್ರಶ್ನಿ.”

“ಯಾರ ತೂಕ?”

ಈ ಪ್ರಶ್ನೆಗೆ ಉತ್ತರವಿಲ್ಲವೆಂದು ಯಾವ ಗಂಡನಿಗಾದರೂ ಗೊತ್ತು. ನಾನು ಉತ್ತರಿಸಿದೆ!

“ನಾ ಮುಂದ ಹೊಕ್ಕೀನಿ. ನೀ ಆ ಬೇವಿನ ಗಿಡದ ತನಕ ನಡಕೊಂತ ಬಾ. ಪರೀಕ್ಷಾ ಮಾಡಿ ನೋಡೋಣು.”

ಇಸ್ತ್ರಿ ಸೀರೆ, ಹೊಸ ಚಪ್ಪಲಿ, ಎದೆಗೊತ್ತಿಕೊಂಡ ಫೈಲು. ಹೀಗೆ ಹೆಂಡತಿ ಧೂಳಿನಲ್ಲಿ ನಡೆದು ಬರುತ್ತಿದ್ದರೆ ಗಂಡ ಬೈಕಿನ ಮೇಲೆ ಆರಾಮಾಗಿ ಮುಂದೆ ಹೋಗುವುದನ್ನು ಹೊಲದ ಜನ ಕೆಲಸ ಬಿಟ್ಟು ನೋಡಿದರು. ಬೇವಿನ ಮರ ದಾಟಿದೆ. ಗಾಡಿ ಓಡುತ್ತಲೇ ಇತ್ತು. ಸಿದ್ಧಾಂತ ಗೆದ್ದಿತೆಂಬ ಸಂತೋಷದಲ್ಲಿ ಇನ್ನೊಂದು ಸ್ವಲ್ಪ ಮುಂದೆ ಹೋದೆ. ಆಗ ಗಾಡಿ ಕೆಮ್ಮಿತು.

ನಿಂತಿತು. ಬೆನ್ನ ಹಿಂದೆ ಯಾರೂ ಇರಲಿಲ್ಲ.

ಅನ್ನಪೂರ್ಣ ನಡೆದು ಬಂದು ಮುಟ್ಟುವವರೆಗೆ ತಲೆ ತಗ್ಗಿಸಿ ನಿಂತಿದ್ದೆ. ಅವಳು ಬೆವರು ಒರೆಸಿಕೊಂಡು ಕೇಳಿದ್ದು ಒಂದೇ ಮಾತು: “ಈಗ ಯಾರನ್ನ ಇಳಸ್ತೀರಿ?”

ಅಷ್ಟರಲ್ಲಿ ಹಿಂದಿನಿಂದ ಹರಪನಹಳ್ಳಿ ಬಸ್ಸು ಬಂತು. ಅವಳು ಕೈ ಎತ್ತಿದಳು. ಕಿಟಕಿಯಲ್ಲಿ ಯಾರಿರಬೇಕು? ಕೊಟ್ರಪ್ಪ! ಹಲ್ಲು ಬಿಟ್ಟು ಕೈಬೀಸುತ್ತಿದ್ದ. ಅವನೆದುರು ನನ್ನ ಹೆಂಡತಿ ನನ್ನ ಗಾಡಿ ಬಿಟ್ಟು ಬಸ್ಸು ಹತ್ತುವುದೆ? ನಾನು ಅವಳ ಕೈಯನ್ನು ಹಿಡಿದು ಕೆಳಗಿಳಿಸಿದೆ. ಬಸ್ಸು ಧೂಳೆಬ್ಬಿಸಿ ಹೋಯಿತು.

ಅನ್ನಪೂರ್ಣ ಕೂಗಾಡಲಿಲ್ಲ. ಗಡಿಯಾರ ನೋಡಿಕೊಂಡಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಧೂಳಿಗೆ ಇರಬೇಕೆಂದು ನಾನು ತೀರ್ಮಾನಿಸಿದೆ.

ಇನ್ನು ಅನುಮಾನಿಸಲು ಉಳಿದಿದ್ದು ಪ್ಲಗ್ಗು. ಬಿಸಿಲು ಚುರುಗುಟ್ಟುತ್ತಿತ್ತು. ರಸ್ತೆ ಪಕ್ಕದ ಕಣದಲ್ಲಿ ಶೇಂಗಾ ಬಳ್ಳಿಯ ಬಣವೆಯೊಂದು ಒಳ್ಳೆಯ ನೆರಳು ಕೊಟ್ಟು ನಿಂತಿತ್ತು. ಗಾಡಿಯನ್ನು ಅಲ್ಲಿಗೇ ತಳ್ಳಿದೆ. ನೆರಳಿಗೆ ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ಬೆಂಕಿಗೂ!

ಕಣದಲ್ಲಿ ಅಜ್ಜ, ಅಜ್ಜಿ ಇಬ್ಬರು ಕಾಯಿ ಬಿಡಿಸುತ್ತಿದ್ದರು. ನಾನು ಮೊದಲು ಎಂದಿನಂತೆ ಮುಚ್ಚಳ ತೆಗೆದು ಇಣುಕಿ ಮುಚ್ಚಿ, ಸಿಟ್ಟಿನಲ್ಲಿ ಚೋಕ್ ಎಳೆದು ಮನಸೋಇಚ್ಛೆ ಒದ್ದೆ. ಎಂಜಿನ್ ತುಂಬ ಪೆಟ್ರೋಲು ನುಗ್ಗಿ, ಕೆಳಗೂ ಹನಿಯತೊಡಗಿತು. ಪ್ಲಗ್ಗು ಬಿಚ್ಚಿದೆ. ಒದ್ದೆಯಾಗಿತ್ತು. ಪೆಟ್ರೋಲ್ ಬಂಕಿನವರು ಸೀಮೆಎಣ್ಣೆ ಬೆರೆಸಿದ್ದಾರೆಂಬ ಅನುಮಾನ ಬಂದು ಟ್ಯಾಂಕಿನ ಮುಚ್ಚಳ ತೆಗೆದು ಸೀಟಿನ ಮೇಲಿಟ್ಟು ಮೂಸಿ ನೋಡಿದೆ. ಮುಚ್ಚಳ ಹಾಕುವುದನ್ನು ಮರೆತೆ. ಆಮೇಲೆ ಪ್ಲಗ್ಗನ್ನು ಅದರ ವೈರಿಗೆ ಸಿಕ್ಕಿಸಿ, ಬಿಚ್ಚಿದ ತೂತಿನ ಪಕ್ಕದಲ್ಲೇ ಎಂಜಿನ್ನಿಗೆ ತಾಗಿಸಿ ಇಟ್ಟೆ. ಕಿಡಿ ಬರುತ್ತದೋ ಇಲ್ಲವೋ ನೋಡಬೇಕಲ್ಲ!

“ಯಜ್ಜ, ಒಂದ ಸಲ ಇದನ್ನ ಒದಿ ನೋಡನ.”

“ಜೋರಾಗಿ ಒದಿಬೇಕೇನು?”

“ಜೋರಾಗೇ ಒದಿ.”

ಅಜ್ಜ ಜೀವಮಾನದಲ್ಲಿ ಯಾರ ಮೇಲೂ ತೀರಿಸಿಕೊಳ್ಳದ ಸಿಟ್ಟನ್ನೆಲ್ಲ ಸೇರಿಸಿ ಒದ್ದ. ಕಿಡಿ ಬಂತು. ಬಹಳ ಒಳ್ಳೆಯ ಕಿಡಿ. ತೂತಿನಿಂದ ಪೆಟ್ರೋಲಿನ ಹಬೆ ಹೊರಗೆ ಚಿಮ್ಮಿತು. ಎರಡೂ ಭೇಟಿಯಾದವು.

ಭುಗ್!

ನೀಲಿ ಬೆಂಕಿಯೊಂದು ಎಂಜಿನ್ನಿನಿಂದ ಎದ್ದು, ಹನಿದ ಪೆಟ್ರೋಲಿನ ಮೇಲಿಂದ ನೆಲಕ್ಕಿಳಿಯಿತು. ಮೇಲೆ ಬಾಯಿ ತೆರೆದ ಟ್ಯಾಂಕು, ಹಿಂದೆ ಒಣಗಿದ ಬಣವೆ, ಪಕ್ಕದಲ್ಲಿ ಅನ್ನಪೂರ್ಣಳ ಸೆರಗು. ಅಜ್ಜಿ ಕೂಗಿದಳು. ಅಜ್ಜ ಬೊಗಸೆಯಲ್ಲಿ ಮಣ್ಣು ಎರಚಿದ. ಅನ್ನಪೂರ್ಣ ಫೈಲನ್ನು ಎಸೆದು, ಅಜ್ಜಿಯ ನೀರಿನ ಕೊಡಕ್ಕೆ ಸುತ್ತಿದ್ದ ಹಸಿ ಗೋಣಿಚೀಲವನ್ನು ಕಿತ್ತು, ಮೊದಲು ಟ್ಯಾಂಕಿನ ಬಾಯಿ ಮುಚ್ಚಿ, ಎಂಜಿನ್ನಿನ ಮೇಲೆ ಎಳೆದು ಒತ್ತಿಹಿಡಿದಳು. ನಾನು? ನಾನು ಪ್ರತ್ಯಕ್ಷ ಸಾಕ್ಷಿಯಾಗಿದ್ದೆ. ಸಾಕಷ್ಟು ದೂರದಿಂದ!

ಬೆಂಕಿ ಆರಿತು. ಹೇಳಲು ಎರಡೇ ಪದ. ಆದರೆ ಇಂದಿಗೂ ಅಡುಗೆಮನೆಯಲ್ಲಿ ಗ್ಯಾಸ್ ಒಲೆ ‘ಭಗ್’ ಎಂದರೆ ನಾನು ಅಂಗಳದಲ್ಲಿರುತ್ತೇನೆ. ಕಣ್ಣು ಮುಚ್ಚಿದರೆ ಆ ದೃಶ್ಯ ಮತ್ತೆ ನಡೆಯುತ್ತದೆ. ಪ್ರತಿ ಸಲವೂ ಗೋಣಿಚೀಲ ಸ್ವಲ್ಪ ತಡವಾಗಿ ಬೀಳುತ್ತದೆ.

ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಬಂದಳು. “ಏನಪಾ, ಯಾವೂರು ನಿಂದು?”

“ಕೊಟ್ಟೂರಮ್ಮ.”

“ನಮ್ಮ ಬಣವಿ ಸುಡಾಕ ಅಲ್ಲಿಂದ ಇಲ್ಲೀತನ ಬಂದೇನು? ನಿಮ್ಮೂರಾಗ ಬಣವಿ ಇದ್ದಿಲ್ಲೇನು?”

ಅನ್ನಪೂರ್ಣಳ ಸೀರೆಗೆ ಕೆಸರು, ಕೈಗೆ ಮಸಿ, ಹಣೆಗೂ ಮಸಿ. ಅವಳು ಸೀಟಿನ ಮೇಲಿದ್ದ ಮುಚ್ಚಳವನ್ನು ಎತ್ತಿಕೊಂಡು ತಿರುಗಿಸಿ ನೋಡುತ್ತಿದ್ದಳು.

“ರೀ, ನನ್ನ ಇಳಿಸಿದ್ದಕ್ಕ ಗಾಡಿ ಹೊರಡಲಿಲ್ಲ. ಇಳಿಸಿದಾಗೆಲ್ಲ ನೀವು ಈ ಮುಚ್ಚಳ ತೆಗದ್ರಿ. ತೆಗದಾಗೆಲ್ಲ ಸುಸ್ ಅಂತ ಗಾಳಿ ಎಳಕಂತು. ಕೇಳಿಸ್ಲಿಲ್ಲೇನು?”

“ಮುಚ್ಚಳಕ್ಕೂ ಎಂಜಿನ್ನಿಗೂ ಏನ್ ಸಂಬಂಧ?”

“ಅಂಗಡ್ಯಾಗ ಎಣ್ಣಿ ಡಬ್ಬಿಗೆ ಎರಡು ತೂತು ಯಾಕ ಹೊಡಿತೀರಿ?”

“ಒಂದರಾಗ ಗಾಳಿ ಹೋಗದಿದ್ರ ಇನ್ನೊಂದರಾಗ ಎಣ್ಣಿ ಬರ…”

ಮಾತು ಅಲ್ಲೇ ನಿಂತಿತು. ಗಾಡಿಯಂತೆಯೇ.

ಮುಚ್ಚಳದಲ್ಲೊಂದು ಸಣ್ಣ ರಂಧ್ರವಿತ್ತು. ಟ್ಯಾಂಕಿಗೆ ಗಾಳಿ ಹೋಗುವ ದಾರಿ ಅದೊಂದೇ. ಆಯುಧಪೂಜೆಯ ದಿನ ನಾನೇ ಭಕ್ತಿಯಿಂದ ವಿಭೂತಿ ಕಲಸಿ, ಗಾಡಿಯ ಮೈಯೆಲ್ಲ ಬಳಿದು, ಮುಚ್ಚಳಕ್ಕೆ ಮಾತ್ರ ವಿಶೇಷವಾಗಿ ಒತ್ತಿ ಹಚ್ಚಿದ್ದೆ. ಅದು ಒಣಗಿ ಕಲ್ಲಾಗಿ ರಂಧ್ರವನ್ನು ಬಿಗಿದಿತ್ತು. ಗಾಳಿ ಒಳಗೆ ಹೋಗದೆ ಪೆಟ್ರೋಲು ಕೆಳಗಿಳಿಯುತ್ತಿರಲಿಲ್ಲ. ಅನ್ನಪೂರ್ಣ ಸೆರಗಿನ ಪಿನ್ನು ಬಿಚ್ಚಿ ರಂಧ್ರಕ್ಕೆ ಚುಚ್ಚಿದಳು. ಬಿಳಿ ಹುಡಿ ಉದುರಿತು.

ಪ್ಲಗ್ಗು ಒರೆಸಿ ಹಾಕಿ, ಹತ್ತಾರು ಸಲ ಒದ್ದ ಮೇಲೆ ಗಾಡಿ ಹೊಗೆಯುಗುಳುತ್ತ ಎದ್ದಿತು. ಅಲ್ಲಿಂದ ಹರಪನಹಳ್ಳಿಯವರೆಗೆ ಒಮ್ಮೆಯೂ ಕೆಮ್ಮಲಿಲ್ಲ.

ನಾವು ಶಾಲೆ ಮುಟ್ಟಿದಾಗ ಸಂದರ್ಶನ ಮುಗಿಯುತ್ತ ಬಂದಿತ್ತು. ಅವಳ ಹೆಸರು ಕೂಗಿ ಆಗಿತ್ತಂತೆ. ಅನ್ನಪೂರ್ಣ ಜವಾನನನ್ನು ಬೇಡಿಕೊಂಡು, ಪೆಟ್ರೋಲು, ಹೊಗೆ, ಹಸಿ ಗೋಣಿ ಈ ಮೂರರ ವಾಸನೆಯೊಂದಿಗೆ ಕೊನೆಯವಳಾಗಿ ಒಳಗೆ ಹೋದಳು. ನಾನು ಹೊರಗೆ ನಿಂತು, ಅವರು ಮೊದಲೇ ಯಾರನ್ನೋ ಆರಿಸಿಟ್ಟಿರಬೇಕೆಂದು ಅನುಮಾನಿಸುತ್ತಿದ್ದೆ. ಒಳಗಿನಿಂದ ಜೋರು ನಗು ಕೇಳಿತು. ನಾನು ಗಾಡಿಯ ಹಿಂದೆ ಸರಿದು ನಿಂತೆ.

ಹೊರಗೆ ಬಂದವಳನ್ನು ಕೇಳಿದೆ, “ಏನಂದ್ರು?”

“‘ಎಲ್ಯಾರ ಬೆಂಕಿ ಬಿದ್ದಿತ್ತೇನಮ್ಮ?’ ಅಂದ್ರು.”

“ನೀ ಏನಂದಿ?”

“ನಿಜ ಹೇಳಿದೆ.”

“ಎಷ್ಟು ನಿಜ?”

“ಪೂರ್ತಿ. ‘ಅದನ್ನ ಎಂಟನೇ ಕ್ಲಾಸಿನ ಮಕ್ಕಳಿಗೆ ಹೆಂಗ ಪಾಠ ಮಾಡ್ತಿ, ತೋರ್ಸು’ ಅಂತ ಸೀಮೆಸುಣ್ಣ ಕೊಟ್ರು. ವಾತಾವರಣದ ಒತ್ತಡ ಅಂತ ಬೋರ್ಡಿನ ಮ್ಯಾಲೆ ಬರದು ಟ್ಯಾಂಕಿನ ಚಿತ್ರ ಬಿಡಿಸಿದೆ. ನಿಮ್ಮನ್ನೂ ಬಿಡಿಸಿದೆ. ಶಾಲಿ ಅಧ್ಯಕ್ಷರು ನಕ್ಕು ನಕ್ಕು ಕಣ್ಣು ಒರಸ್ಕೊಂಡ್ರು.”

ಕೆಲಸ ಅವಳಿಗೇ ಸಿಕ್ಕಿತು. ಕೊಟ್ರಪ್ಪನ ಮನೆಗೆ ಪೇಡೆ ಕೊಡಲು ಹೋದಾಗ, “ಅವತ್ತ ಹೇಳಿದ್ನಲ್ರಿ ಸಾವ್ಕಾರ್ರ, ಭಾಳ ಮೆತ್ತೀರಿ ಅಂತ!” ಎಂದ. ನಾನು ಇನ್ನೊಂದು ಪೇಡೆ ಕೊಟ್ಟು ಅವನ ಬಾಯಿ ಮುಚ್ಚಿದೆ.

ಅನ್ನಪೂರ್ಣ ದಿನಾ ಬಸ್ಸಿನಲ್ಲೇ ಶಾಲೆಗೆ ಹೋಗುತ್ತಾಳೆ. ವಾತಾವರಣದ ಒತ್ತಡದ ಪಾಠ ಬಂದಾಗಲೆಲ್ಲ ‘ಒಬ್ಬ ಮನುಷ್ಯ ಇದ್ದ’ ಎಂದು ಶುರು ಮಾಡುತ್ತಾಳಂತೆ. ಹೆಸರು ಹೇಳುವುದಿಲ್ಲವೆಂದು ಮಾತು ಕೊಟ್ಟಿದ್ದಾಳೆ. ನನಗೆ ಅನುಮಾನವಿದೆ.

ಮೊನ್ನೆ ಅವಳು ಪರೀಕ್ಷೆಯ ಪೇಪರು ತಿದ್ದುತ್ತ ಒಬ್ಬಳೇ ನಗುತ್ತಿದ್ದಳು. ಹಿಂದಿನಿಂದ ಹೋಗಿ ಇಣುಕಿದೆ. ಪ್ರಶ್ನೆ: ‘ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ರಂಧ್ರ ಮುಚ್ಚಿಹೋದರೆ ಏನಾಗುತ್ತದೆ?’ ಯಾವುದೋ ಮಗು ದುಂಡಗಿನ ಅಕ್ಷರದಲ್ಲಿ ಉತ್ತರ ಬರೆದಿತ್ತು: ‘ಗಂಡನು ಹೆಂಡತಿಯನ್ನು ಕೆಳಗೆ ಇಳಿಸುತ್ತಾನೆ.’

“ಇದು ವಿಜ್ಞಾನದ ಉತ್ತರನೇ ಅಲ್ಲ!” ಎಂದು ಪ್ರತಿಭಟಿಸಿದೆ.

“ಆಗಿದ್ದು ಅದ ಅಲ್ಲೇನ್ರೀ?” ಎಂದಳು ಅನ್ನಪೂರ್ಣ. ಪೂರ್ತಿ ಅಂಕ ಕೊಟ್ಟಳು.