ಬೆಂಚಿಗಿಂತ ಮೊದಲು ಹೊಳೆ ದಾಟಿದ ಫಲಕ

ಮನುಷ್ಯನ ಬಾಳು ನೀರ ಮೇಲಿನ ಗುಳ್ಳೆ. ಅದು ಒಡೆಯುವ ಮೊದಲು ಸಮಾಜಕ್ಕೆ ಶಾಶ್ವತವಾದದ್ದೇನನ್ನಾದರೂ ಬಿಟ್ಟುಹೋಗುವುದು ಪ್ರತಿಯೊಬ್ಬನ ಕರ್ತವ್ಯ. ಈ ಸತ್ಯ ನನಗೆ ಹೊಳೆದದ್ದು ಒಂದು ಮಂಗಳವಾರ ಸಂಜೆ, ಎರಡನೆಯ ಸಲ ಗೋಬಿ ಮಂಚೂರಿ ಬಡಿಸಿಕೊಳ್ಳುತ್ತಿದ್ದಾಗ.

ನಮ್ಮದೊಂದು ಸೇವಾ ಸಂಸ್ಥೆ. ಕಂಕನಾಡಿಯ ಹೋಟೆಲೊಂದರ ಮಾಳಿಗೆಯಲ್ಲಿ ಪ್ರತಿ ಮಂಗಳವಾರ ಏಳು ಗಂಟೆಗೆ ಸೇರುತ್ತೇವೆ. ಅಂದರೆ ಏಳಕ್ಕೆ ನಾನು ಸೇರುತ್ತೇನೆ. ಉಳಿದವರು ಊಟದ ಪಾತ್ರೆಗಳ ಮುಚ್ಚಳ ಸದ್ದು ಮಾಡುವ ಹೊತ್ತಿಗೆ ಬಂದು, ಆಗಲೇ ಬಂದಿದ್ದವರಂತೆ ಮುಖ ಮಾಡಿ ಕೂರುತ್ತಾರೆ. ಗಂಟೆ ಬಾರಿಸುವುದು, ಪ್ರಾರ್ಥನೆ, ಕಳೆದ ವಾರದ ವರದಿ, ಹುಟ್ಟಿದ ದಿನದವರಿಗೆ ಗುಲಾಬಿ, ಕೊನೆಗೆ ವಂದನಾರ್ಪಣೆ. ಕಳೆದ ವಾರ ಏನೂ ನಡೆದಿರದಿದ್ದರೆ, ಏನೂ ನಡೆಯಲಿಲ್ಲ ಎಂಬುದನ್ನು ಕಾರ್ಯದರ್ಶಿ ಡಿಸೋಜ ಮೇಷ್ಟ್ರು ಎರಡು ಪುಟಗಳಲ್ಲಿ ಓದುತ್ತಾರೆ. ಮೂವತ್ತು ವರ್ಷ ಗಣಿತ ಕಲಿಸಿದವರು. ಅವರ ವರದಿಯಲ್ಲಿ ಒಂದು ಅಲ್ಪವಿರಾಮವೂ ತಪ್ಪಿ ಬಿದ್ದದ್ದಿಲ್ಲ.

ಅಧ್ಯಕ್ಷಗಿರಿ ಒಂದೇ ವರ್ಷದ್ದು. ಜುಲೈಯಲ್ಲಿ ಕೊರಳಿಗೆ ಹಿತ್ತಾಳೆಯ ಪದಕಗಳ ಪಟ್ಟಿ ಹಾಕುತ್ತಾರೆ, ಮರುವರ್ಷ ಜೂನ್ ಮುಗಿದೊಡನೆ ಕಳಚುತ್ತಾರೆ. ಅಷ್ಟರೊಳಗೆ ಅಧ್ಯಕ್ಷನಾದವನು ಒಂದು ‘ಶಾಶ್ವತ ಯೋಜನೆ’ ಮಾಡಿ ಮುಗಿಸಬೇಕೆಂಬುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಹಿಂದೆ ಒಬ್ಬರು ಪಂಪ್‌ವೆಲ್ ಹತ್ತಿರ ಕಸದ ಡಬ್ಬಿ ಇಡಿಸಿದ್ದರು. ಈಗ ಡಬ್ಬಿ ಇಲ್ಲ, ಫಲಕ ಇದೆ. ನಾನು ಅಧ್ಯಕ್ಷನಾದಾಗ ನನ್ನ ಹೆಂಡತಿ, “ನೀವು ಎಂತದ್ದೂ ಮಾಡದಿದ್ದರೂ ಅಡ್ಡಿಯಿಲ್ಲ, ಸುಮ್ಮನೆ ಊಟ ಮಾಡಿ ಬನ್ನಿ” ಎಂದಳು. ಹಟ ಹಿಡಿಯಲು ನನಗೆ ಅಷ್ಟು ಸಾಕಾಯಿತು.

ಯೋಜನೆ ತಾನಾಗಿಯೇ ನನ್ನ ಕನ್ನಡಕದ ಅಂಗಡಿಗೆ ನಡೆದುಬಂತು. ಬೆಂಗ್ರೆಯ ಗಿರಿಜಕ್ಕ ಮೀನು ಮಾರುವವರು. ದಿನಾ ಬೆಳಗ್ಗೆ ದೋಣಿಯಲ್ಲಿ ಹೊಳೆ ದಾಟಿ ನಗರಕ್ಕೆ ಬರುತ್ತಾರೆ. ಹೊಸ ಕನ್ನಡಕ ಹಾಕಿಕೊಂಡು, ಗೋಡೆಯ ಮೇಲಿನ ಸಂಸ್ಥೆಯ ಕ್ಯಾಲೆಂಡರನ್ನು ಪೂರ್ತಿ ಓದಿ, “ಅಣ್ಣ, ನೀವು ಸೇವೆಯೆಲ್ಲ ಮಾಡ್ತೀರಲ್ಲ, ನಮ್ಮ ಕಡೆಯ ಜೆಟ್ಟಿಯಲ್ಲಿ ಕೂರ್ಲಿಕ್ಕೆ ಎಂತಾದರೂ ಹಾಕಿ ಕೊಡಿ. ದೋಣಿಗೆ ಕಾದು ನಿಂತು ನಿಂತು ನನ್ನ ಮೊಣಗಂಟು ಹೋಯ್ತು” ಎಂದರು.

“ಜೂನ್ ಮುಗಿಯುವುದರೊಳಗೆ ಮಾಡಿಸ್ತೇನೆ” ಎಂದೆ.

“ಯಾವ ಜೂನ್?” ಎಂದು ಕೇಳಿದರು ಗಿರಿಜಕ್ಕ. ಅವರು ಸೇವಾ ಸಂಸ್ಥೆಗಳನ್ನು ಹಿಂದೆಯೂ ಕಂಡವರಿರಬೇಕು.

ಮುಂದಿನ ಮಂಗಳವಾರವೇ ವಿಷಯ ಮಂಡಿಸಿದೆ. ಆಚೆ ದಡಕ್ಕೊಂದು ಸಿಮೆಂಟಿನ ಬೆಂಚು ಎಂಬ ನಿರ್ಣಯ, ಸಾರು ತಣಿಯುವ ಮೊದಲೇ ಸರ್ವಾನುಮತದಿಂದ ಪಾಸಾಯಿತು. ಆಮೇಲೆ ಯಾರೋ ಫಲಕದ ಮಾತೆತ್ತಿದರು. ಅದಕ್ಕೆ ಐದು ಮಂಗಳವಾರ ಹಿಡಿಯಿತು. ಅಧ್ಯಕ್ಷ, ಕಾರ್ಯದರ್ಶಿ ಇಬ್ಬರ ಹೆಸರು ಸಾಕೆಂದು ನಾನು ಹೇಳಿದ ವಾರ ಹಾಜರಾತಿ ಅರ್ಧಕ್ಕಿಳಿಯಿತು. ಮಾಜಿ ಅಧ್ಯಕ್ಷರ ಹೆಸರು ಸೇರಿಸೋಣ ಎಂದಾಗ ಮುಂದೆ ಅಧ್ಯಕ್ಷರಾಗುವವರು ಎದ್ದು ನಿಂತರು. ಹೆಂಡಂದಿರ ಹೆಸರು ಬೇಡವೇ ಎಂದು ಒಬ್ಬರು ಮೆಲ್ಲಗೆ ಕೇಳಿದರು. ಬೇಡವೆನ್ನುವ ಧೈರ್ಯ ಸಭೆಯಲ್ಲಿ ಯಾರಿಗೂ ಇರಲಿಲ್ಲ. ಡಿಸೋಜ ಮೇಷ್ಟ್ರು ಅಕ್ಷರಗಳನ್ನು ಎಣಿಸಿ, ಭಾಗಿಸಿ, ಹೇಳಿದರು: “ಆರಡಿ ಉದ್ದ, ಒಂದೂವರೆ ಅಡಿ ಅಗಲ. ಅಷ್ಟುದ್ದದ ಕಲ್ಲು ತೆಳ್ಳಗಿದ್ದರೆ ತುಂಡಾಗ್ತದೆ ಅಧ್ಯಕ್ಷರೇ. ದಪ್ಪವೇ ಇರಲಿ.” ಹೀಗೆ ಕಪ್ಪು ಗ್ರಾನೈಟಿನ ಫಲಕವೊಂದು ತಯಾರಾಯಿತು. ಬೆಂಚಿನ ಉದ್ದ ಐದೇ ಅಡಿ.

ಇಷ್ಟಾಗುವಾಗ ಜೂನ್ ತಿಂಗಳ ಮೂರನೆಯ ಭಾನುವಾರ ಬಂದಿತ್ತು. ಬೆಂಗ್ರೆಗೆ ಕೂಳೂರು ಸುತ್ತಿಕೊಂಡು ರಸ್ತೆಯೂ ಉಂಟು; ಟೆಂಪೋದಲ್ಲಿ ಹಾಕಿದರೆ ಎರಡೂ ಒಟ್ಟಿಗೇ ಹೋಗಿ ಇಳಿಯುತ್ತಿದ್ದವು. ಆದರೆ ಟೆಂಪೋದಲ್ಲಿ ಹೋದರೆ ಸೇವೆ ಮಾಡಿದಂತೆ ಫೋಟೋ ಬರುವುದಿಲ್ಲ, ದೋಣಿಯಲ್ಲಿ ಹೊಳೆ ದಾಟುತ್ತಿದ್ದರೆ ಬರುತ್ತದೆ ಎಂದು ಸಭೆ ತೀರ್ಮಾನಿಸಿತ್ತು. ಆ ಸಭೆಯ ಅಧ್ಯಕ್ಷತೆ ವಹಿಸಿದ್ದವನು ನಾನೇ. ಹಾಗಾಗಿ ಬೆಳಗ್ಗೆ ಹತ್ತು ಗಂಟೆಗೆ ಈಚೆ ದಡದ ಜೆಟ್ಟಿಯಲ್ಲಿ ಒಂದು ಬೆಂಚು, ಒಂದು ಫಲಕ, ಕೋಟು ತೊಟ್ಟ ಹತ್ತು ಸದಸ್ಯರು ಮತ್ತು ಮಧ್ಯಾಹ್ನದ ರೈಲು ಹಿಡಿಯಬೇಕಾಗಿದ್ದ ಒಬ್ಬ ಮುಖ್ಯ ಅತಿಥಿ, ಎಲ್ಲರೂ ಮಳೆಹನಿಯಲ್ಲಿ ನಿಂತಿದ್ದೆವು. ದೋಣಿಯ ಹಸನಬ್ಬ ನಮ್ಮನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿದರು.

“ಎಲ್ಲ ಒಟ್ಟಿಗೆ ಆಗುದಿಲ್ಲ ಸಾರ್. ನೀವು ಇಲ್ಲೇ ಉಳಿದರೆ ಬೆಂಚು, ಕಲ್ಲು ಎರಡೂ ಹೋಗ್ತದೆ. ನೀವು ಬರುದಾದರೆ ಎರಡರಲ್ಲಿ ಒಂದೇ.”

“ನಾವು ಉಳಿದರೆ ಉದ್ಘಾಟನೆ ಮಾಡುವುದು ಯಾರು?” ಎಂದೆ.

“ಅದು ನಂಗೆ ಹೇಗೆ ಗೊತ್ತು ಮಾರಾಯ್ರೆ? ನಾನು ಭಾರ ಹೇಳಿದ್ದು.”

ಅಲ್ಲಿಯೇ, ಕೊಡೆಗಳ ಕೆಳಗೆ, ತುರ್ತುಸಭೆ ಸೇರಿದೆವು. ಉದ್ಘಾಟನೆಯೆಂದರೆ ಪರದೆ ಸರಿಸುವುದು. ಪರದೆ ಇರುವುದು ಫಲಕಕ್ಕೆ. ಆದ್ದರಿಂದ ಫಲಕವಿಲ್ಲದೆ ಉದ್ಘಾಟನೆಯಿಲ್ಲ, ಬೆಂಚು ಮುಂದಿನ ಟ್ರಿಪ್ಪಿನಲ್ಲಿ ಬಂದರೂ ನಡೆಯುತ್ತದೆ ಎಂದು ಡಿಸೋಜ ಮೇಷ್ಟ್ರು ಪ್ರಮೇಯದಂತೆ ಸಾಧಿಸಿ ತೋರಿಸಿದರು. ಅದರಲ್ಲಿ ಒಂದು ದೋಷವೂ ನನಗೆ ಕಾಣಲಿಲ್ಲ. ಇಂದಿಗೂ ಕಾಣುತ್ತಿಲ್ಲ.

ಆಚೆ ದಡದಲ್ಲಿ ಫಲಕವನ್ನು ಒಂದು ತೆಂಗಿನ ಮರಕ್ಕೆ ಒರಗಿಸಿ ನಿಲ್ಲಿಸಿದೆವು. ಮುಖ್ಯ ಅತಿಥಿಗಳು ಪರದೆ ಸರಿಸಿದರು. ನಾವು ಚಪ್ಪಾಳೆ ತಟ್ಟಿದೆವು. ‘ಆಸರೆ ಮತ್ತು ಮಾನವೀಯತೆ’ ಎಂಬ ವಿಷಯದ ಮೇಲೆ ಅವರು ಮಾತಾಡುತ್ತಿದ್ದಷ್ಟು ಹೊತ್ತೂ ಗಿರಿಜಕ್ಕ ಮತ್ತು ಅವರೊಂದಿಗಿದ್ದ ಐದಾರು ಹೆಂಗಸರು ನಿಂತು ಕೇಳಿದರು. ಕೂರಲು ಏನೂ ಇರಲಿಲ್ಲ.

“ಅಣ್ಣ, ಬೆಂಚೆಲ್ಲುಂಟು?” ಎಂದರು ಗಿರಿಜಕ್ಕ, ವಂದನಾರ್ಪಣೆಯ ನಡುವೆ.

“ಮುಂದಿನ ಟ್ರಿಪ್ಪಿಗೆ ಬರ್ತದೆ.”

“ಹಾಗಾದರೆ ಇವರು ಈಗ ಎಂತ ಉದ್ಘಾಟನೆ ಮಾಡಿದ್ದು?”

ನಾನು ಉತ್ತರಿಸುವಷ್ಟರಲ್ಲಿ ಗಾಳಿ ಎದ್ದಿತು. ನಮ್ಮನ್ನು ಈಚೆ ದಡಕ್ಕೆ ತಂದು ಇಳಿಸಿದ ಹಸನಬ್ಬ, ಇವತ್ತಿಗೆ ಇನ್ನು ದೋಣಿ ಇಲ್ಲ ಎಂದು ಹಗ್ಗ ಕಟ್ಟಿದರು. ಮುಖ್ಯ ಅತಿಥಿಗಳಿಗೆ ರೈಲು ಸಿಕ್ಕಿತು.

ನಾನು ಕೆಲಸ ಅರ್ಧಕ್ಕೆ ಬಿಡುವವನಲ್ಲ. ಮರುದಿನ ಬೆಳಗ್ಗೆ ಅಂಗಡಿ ತೆರೆಯದೆ ನಾಲ್ಕು ಆಳುಗಳೊಂದಿಗೆ ಜೆಟ್ಟಿಗೆ ಹೋದೆ. ಬೆಂಚು ನಾವಿಟ್ಟಲ್ಲಿಯೇ ಇತ್ತು. ಅದರ ಮೇಲೆ ನಾಲ್ಕು ಮಂದಿ ಇದ್ದರು. ಏಳಬೇಕೆಂದು ವಿನಯದಿಂದ ಕೇಳಿಕೊಂಡೆ. ದೋಣಿ ಬಂದಾಗ ಏಳುತ್ತೇವೆ ಎಂದರು. ದೋಣಿ ಬಂದಿತು, ಅವರು ಎದ್ದರು, ಆ ದೋಣಿಯಿಂದ ಇಳಿದವರು ಬಸ್ಸಿಗೆ ಮೊದಲು ಸುಧಾರಿಸಿಕೊಳ್ಳಲು ಕೂತರು. ಮಂಗಳವಾರ ಮತ್ತೆ ಹೋದೆ. ಗರ್ಭಿಣಿಯೊಬ್ಬಳು ಕೂತಿದ್ದಳು, ಆಳುಗಳೇ ನನ್ನನ್ನು ದುರುಗುಟ್ಟಿ ನೋಡಿದರು. ಬುಧವಾರ ಹೋದಾಗ ನಿಯಮಾವಳಿಯ ಪುಸ್ತಕವನ್ನೂ ಹಿಡಿದುಕೊಂಡಿದ್ದೆ. ಕೊಡೆಯ ಹಿಡಿಗೆ ಗಲ್ಲವೂರಿ ಕೂತಿದ್ದ ಮುದುಕರೊಬ್ಬರು ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿದರು.

“ಈ ಬೆಂಚು ಆಚೆಯವರದ್ದು ಅಂತ ಎಲ್ಲಿ ಬರ್ದುಂಟು?”

“ಫಲಕದಲ್ಲಿ ಉಂಟು.”

“ಫಲಕ ಎಲ್ಲುಂಟು?”

“ಆಚೆ.”

“ಹಾಗಾದರೆ ಅದು ಆಚೆಯ ವಿಷಯ” ಎಂದು ಅವರು ಸ್ವಲ್ಪ ಸರಿದು, “ನೀವು ಕೂತ್ಕೊಳ್ಳಿ, ತುಂಬ ಬಚ್ಚಿದ ಹಾಗೆ ಕಾಣ್ತೀರಿ” ಎಂದು ಜಾಗ ಕೊಟ್ಟರು. ಮೂರು ದಿನ ಅಲೆದು ದಣಿದಿದ್ದೆ, ಬಚ್ಚಿದ್ದು ಹೌದು. ಕೂತೆ. ಬೆಂಚು ಗಟ್ಟಿಮುಟ್ಟಾಗಿತ್ತು, ಒರಗುವುದಕ್ಕೂ ಹದವಾಗಿತ್ತು. ನನ್ನ ಅಧ್ಯಕ್ಷತೆಯಲ್ಲಿ ಇಷ್ಟು ಒಳ್ಳೆಯ ವಸ್ತು ತಯಾರಾಗಿದೆ ಎಂದು ಅಲ್ಲಿಯವರೆಗೆ ನನಗೇ ತಿಳಿದಿರಲಿಲ್ಲ.

ಇನ್ನು ಉಳಿದದ್ದು ಗಿರಿಜಕ್ಕನಿಗೆ ಮುಖ ತೋರಿಸುವುದು. ಕೊಟ್ಟ ಮಾತು ಉಳಿಸಿಕೊಳ್ಳಲಾಗದ ಮೇಲೆ ಎದುರು ನಿಂತು ಬೈಸಿಕೊಳ್ಳುವುದಾದರೂ ನಿಯತ್ತು ಎಂದು ಹಸನಬ್ಬರ ದೋಣಿ ಹತ್ತಿದೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಆಚೆ ಇಳಿದು ನೋಡಿದರೆ ತೆಂಗಿನ ಮರದ ಬುಡದಲ್ಲಿ ಫಲಕ ಇರಲಿಲ್ಲ. ಎರಡೂ ಕಡೆ ಕೆಂಪುಕಲ್ಲು ಪೇರಿಸಿ ಅದನ್ನು ಅಡ್ಡ ಮಲಗಿಸಿದ್ದರು. ಅದರ ಮೇಲೆ ಗಿರಿಜಕ್ಕ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಇನ್ನಿಬ್ಬರು ಹೆಂಗಸರು, ತುದಿಯಲ್ಲೊಂದು ಬುಟ್ಟಿ.

“ಬನ್ನಿ ಅಣ್ಣ. ಮಕ್ಕಳತ್ರ ಹೇಳಿ ಇಡಿಸಿದೆ. ಒಳ್ಳೆ ತಂಪುಂಟು.”

“ಹೆಸರುಗಳು ಕಾಣುವುದಿಲ್ಲವಲ್ಲ?”

“ಅದು ಅಡಿಯಲ್ಲುಂಟು. ಮೇಲಿಟ್ಟರೆ ಕೂರುವಾಗ ಚುಚ್ತದೆ. ಅಷ್ಟು ಜನರ ಹೆಸರು ಅಲ್ವಾ?” ಎಂದವರು ನನ್ನ ಮುಖ ನೋಡಿ, “ನಿಮಗೆ ಬೇಕಾದರೆ ಬಗ್ಗಿ ಓದ್ಲಿಕ್ಕೆ ಆಗ್ತದೆ” ಎಂದರು.

“ಮೊಣಗಂಟು ಹೇಗುಂಟು?”

“ಈಗ ಅಡ್ಡಿಯಿಲ್ಲ.”

ನಾನು ಸುತ್ತ ನೋಡಿದೆ, ಯಾರೂ ನಮ್ಮ ಸದಸ್ಯರಿಲ್ಲವೆಂದು ಖಚಿತಪಡಿಸಿಕೊಂಡೆ, ಮಂಡಿಯೂರಿ ಬಗ್ಗಿದೆ. ಕತ್ತಲೆಯಲ್ಲಿ ಮೊದಲು ಸಿಕ್ಕಿದ್ದು ಖಜಾಂಚಿಯ ಹೆಂಡತಿಯ ಹೆಸರು. ನನ್ನದು ಇನ್ನೂ ಒಳಗಿತ್ತು. ಅಷ್ಟು ಒಳಗೆ ಹೋಗುವ ವಯಸ್ಸು ನನ್ನದಲ್ಲ. ಏಳಲು ಗಿರಿಜಕ್ಕನೇ ಕೈ ಕೊಡಬೇಕಾಯಿತು.

ಅಧ್ಯಕ್ಷನಾಗಿ ನನ್ನ ಕೊನೆಯ ಸಭೆಯಲ್ಲಿ ಡಿಸೋಜ ಮೇಷ್ಟ್ರು ವಾರ್ಷಿಕ ವರದಿ ಓದಿದರು. ಒಂದು ಬೆಂಚಿನ ಗುರಿಯಿಟ್ಟುಕೊಂಡು ಎರಡು ದಡಗಳಲ್ಲಿಯೂ ಆಸನ ಒದಗಿಸಿದ ಮೊದಲ ವರ್ಷವಿದು ಎಂದು ಅದರಲ್ಲಿತ್ತು. ಸಭೆ ಚಪ್ಪಾಳೆ ತಟ್ಟಿತು, ನಾನೂ ತಟ್ಟಿದೆ. ಬೆಂಚು ಈಗ ಈಚೆ ದಡದಲ್ಲಿದೆ, ಫಲಕ ಆಚೆ ದಡದಲ್ಲಿದೆ, ಎರಡರ ಮೇಲೂ ಜನ ಕೂರುತ್ತಾರೆ.