ಗೌರಿಗೆ ನಾನು ಕೊಟ್ಟ ಸಲಹೆ

ಬೇರೆಯವರಿಗೆ ದಾರಿ ತೋರಿಸುವ ಕೆಲಸ ಮೈಮೇಲೆ ಬಿದ್ದಾಗಲೇ ನನಗೆ ದಾರಿ ಗೊತ್ತಿಲ್ಲವೆಂಬುದು ತಿಳಿದದ್ದು. ಕೊಳ್ಳೇಗಾಲವಿನ್ನೂ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕಾಲ. ಅಲ್ಲಿ ನಾನು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ಒಂದು ದಿನ ಹೆಡ್‌ಮಾಸ್ಟರು ಕರೆದು, ಇನ್ನು ಮೇಲೆ ಓದಿನಲ್ಲಿ ಹಿಂದಿರುವ ಮಕ್ಕಳನ್ನು ಸಂಜೆ ಒಂದು ಗಂಟೆ ಕೂರಿಸಿಕೊಳ್ಳಬೇಕು, ಮುಂದೇನು ಮಾಡಬೇಕೆಂದು ಅವರಿಗೂ ಹೆತ್ತವರಿಗೂ ಸಲಹೆ ಕೊಡಬೇಕು ಎಂದರು. ನಾನೇ ಏಕೆ ಎಂದು ಕೇಳಿದೆ. ಉಳಿದವರಿಗೆಲ್ಲ ಕೆಲಸವಿದೆ ಎಂದರು.

ನನ್ನ ಪಾಲಿಗೆ ಮೊದಲು ಬಂದವಳು ಗೌರಿ, ರೇಷ್ಮೆ ಸೀರೆ ನೇಯುವ ಚೌಡಯ್ಯನವರ ಮಗಳು. ಲೆಕ್ಕದಲ್ಲಿ ಚುರುಕು, ಇಂಗ್ಲಿಷಿನಲ್ಲಿ ಮಾತ್ರ ಕಾಗುಣಿತ ಕೈಕೊಡುತ್ತಿತ್ತು. ಒಂದು ತಿಂಗಳು ಹೇಳಿಕೊಟ್ಟೆ. ಅವಳ ತಪ್ಪುಗಳು ಕಡಿಮೆಯಾಗಲಿಲ್ಲ. ಅವನ್ನು ದಿನಾ ನೋಡಿ ನೋಡಿ ‘ರಿಸೀವ್’ ಬರೆಯುವಾಗ ‘ಇ’ ಮೊದಲೋ ‘ಐ’ ಮೊದಲೋ ಎಂದು ನನಗೇ ಅನುಮಾನ ಶುರುವಾಯಿತು. ಕಡೆಗೆ ಚೌಡಯ್ಯನವರನ್ನೇ ಕರೆಸಿದೆ. ಹಿಂದಿನ ದಿನ ಯಾವುದೋ ಪುಸ್ತಕ ತಿರುವಿಹಾಕಿದ್ದೆ. ಆ ಬಲದಲ್ಲಿ, ಮಗುವಿನ ಕೈ ಎತ್ತ ಓಡುತ್ತದೋ ಅತ್ತ ಬಿಡಬೇಕು, ಒತ್ತಾಯ ಕೂಡದು ಎಂದು ಅರ್ಧ ಗಂಟೆ ಮಾತಾಡಿದೆ. ಅವರು ಕೈಮುಗಿದು, ಬಹಳ ಸಮಾಧಾನದಿಂದ ಹೋದರು. ನನಗೂ ಸಮಾಧಾನವಾಯಿತು.

ಮರುದಿನದಿಂದ ಗೌರಿ ಶಾಲೆಗೆ ಬರಲಿಲ್ಲ.

ಒಂದು ವಾರ ಕಾದು ನೇಕಾರರ ಬೀದಿಗೆ ಹೋದೆ. ಚೌಡಯ್ಯನವರು ಮಗ್ಗದಲ್ಲಿ ಕೂತಿದ್ದರು. ಗೌರಿ ಮೂಲೆಯಲ್ಲಿ ರಾಟೆಯ ಮುಂದೆ ಕೂತು ನೂಲು ಸುತ್ತುತ್ತಿದ್ದಳು. ನನ್ನನ್ನು ನೋಡಿ ಮುಖ ಆ ಕಡೆ ತಿರುಗಿಸಿದಳು. ಕಣ್ಣು ಊದಿಕೊಂಡಿತ್ತು. ತಂದೆ ಮಾತ್ರ ಸಂಭ್ರಮದಿಂದ, “ನೀವ್ ಏಳ್ದಂಗೇ ಬುಟ್ಟಿವ್ನಿ ಸಾ. ಇವಳ ಕೈ ರಾಟೆ ಕಡೀಕೇ ಓಡ್ತದೆ,” ಎಂದರು.

ನಾನು ಹೇಳಿದ್ದು ಅದಲ್ಲ ಎಂದೆ. ಹಾಗಾದರೆ ಏನು ಎಂದು ಕೇಳಿದರು. ವಿವರಿಸಲು ಹೊರಟೆ, ವಿವರಿಸಿದಷ್ಟೂ ನಾನು ಹೇಳಿದ್ದು ಅದೇ ಅನ್ನಿಸತೊಡಗಿತು. ನಡುವೆ ಗೌರಿಯ ತಾಯಿ ಕಾಫಿ ತಂದಿಟ್ಟರು. ಅದನ್ನು ಕುಡಿದು ಮತ್ತೆ ಮೊದಲಿನಿಂದ ಶುರುಮಾಡಿದೆ. ಚೌಡಯ್ಯನವರು ಲಾಳಿ ಕೆಳಗಿಟ್ಟರು.

“ಕಳುಸ್ಬೇಕೋ ಬ್ಯಾಡ್ವೋ, ಅದೊಂದ್ ಏಳಿ ಸಾ.”

“ಕಳಿಸಿ,” ಎಂದೆ.

“ಓದಿ ಏನಾಗ್ತಾಳೆ?”

“ಗೊತ್ತಿಲ್ಲ.”

“ಗೊತ್ತಿಲ್ಲ ಅಂತ ಅವತ್ತೇ ಏಳಿದ್ರೆ ನಾನ್ಯಾಕೆ ಬುಡುಸ್ತಿದ್ದೆ? ನಿಮಗೆ ಎಲ್ಲ ಗೊತ್ತದೆ ಅಂದ್ಕಂಡೆ.” ರಾಟೆ ನಿಂತಿತ್ತು. ಗೌರಿ ಆಗಲೇ ಎದ್ದು ಒಳಗೆ ಹೋಗಿ ತನ್ನ ಪುಸ್ತಕಗಳನ್ನು ಹುಡುಕುತ್ತಿದ್ದಳು.

ಮರುದಿನ ಸಂಜೆ ಬಂದಳು. ನಾನು ಪದಗಳನ್ನು ಬರೆಸಲು ಶುರುಮಾಡುವ ಮೊದಲೇ, “ಸಾ, ಮೇಷ್ಟ್ರಾಗಿ ಅಂತ ನಿಮ್ಗೆ ಯಾರು ಏಳಿದ್ದು?” ಎಂದು ಕೇಳಿದಳು.

ತಕ್ಷಣಕ್ಕೆ ಒಳ್ಳೆಯ ಸುಳ್ಳು ಯಾವುದೂ ಹೊಳೆಯಲಿಲ್ಲ. ಗುಮಾಸ್ತೆ ಕೆಲಸಕ್ಕೆಂದು ಕೊಯಮತ್ತೂರಿಗೆ ಹೋಗಿದ್ದವನು ನಾನು. ತಮಿಳು ಬೋರ್ಡು ಓದಲು ಬಾರದೆ ಮೇಷ್ಟ್ರ ಕೆಲಸದ ಸಾಲಿನಲ್ಲಿ ನಿಂತುಬಿಟ್ಟಿದ್ದೆ. ಗೊತ್ತಾಗುವ ಹೊತ್ತಿಗೆ ನನ್ನ ಮುಂದೆ ಇಬ್ಬರೇ ಉಳಿದಿದ್ದರು. ಅಷ್ಟು ಹೊತ್ತು ಬಿಸಿಲಲ್ಲಿ ನಿಂತದ್ದು ದಂಡವಾಗುತ್ತದಲ್ಲ ಎಂದು ಅಲ್ಲೇ ಉಳಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗೌರಿ ನಗಲಿಲ್ಲ.

“ಅಂಗಾರೆ ಮೊದ್ಲು ತಮಿಳು ಓದಾದ್ ಕಲ್ತ್ಕಬೇಕು ಸಾ,” ಎಂದಳು.

ನನ್ನ ಬಾಯಿಂದ ಬಂದದ್ದರಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದ ಮಾತು ಆ ಸಾಲಿನ ಕಥೆಯೊಂದೇ ಇರಬೇಕು. ನಮ್ಮ ಶಾಲೆಯ ತಮಿಳು ಪಂಡಿತರು ಅವಳಿಗೆ ದಿನಾ ಕಾಲುಗಂಟೆ ಹೇಳಿಕೊಡಲು ಒಪ್ಪಿದರು. ಅವಳ ಪಕ್ಕದಲ್ಲಿ ನಾನೂ ಕೂತೆ. ತಿಂಗಳೊಳಗೆ ಗೌರಿ ಬಸ್ಸಿನ ಬೋರ್ಡು ತಡವರಿಸದೆ ಓದಿದಳು. ಇಂಗ್ಲಿಷಿನಲ್ಲೂ ಆ ವರ್ಷ ಹೇಗೋ ಪಾಸಾದಳು. ನನ್ನ ವಿಷಯದಲ್ಲಿ ಮಾತ್ರ ಪಂಡಿತರು ಬಹಳ ಮರ್ಯಾದೆಯಿಂದ, ಮನೆಯಲ್ಲಿ ಯಾರಾದರೂ ಹಿರಿಯರಿದ್ದರೆ ಒಮ್ಮೆ ಬಂದು ಕಾಣಲಿ ಎಂದರು.